ಅಜ್ಜಿಯ ಪದಕ್ಕೆ ಬೀಟ್ ಇಲ್ಲವೇ?

ಪ್ರಶ್ನೆ: ನಮ್ಮಜ್ಜಿ ಹಾಡಿದ ಬೀಸುವ ಪದಗಳನ್ನು ಮೊಬೈಲಿನಲ್ಲಿ ಹಿಡಿದಿಟ್ಟಿದ್ದೇನೆ. ಪಕ್ಕವಾದ್ಯವಿಲ್ಲ, ಬರೀ ಕೊರಳು. ಮಗ ಕೇಳಿ, ‘ಇದರಲ್ಲಿ ಬೀಟೇ ಇಲ್ಲ, ನನ್ನ ಹಿಪ್‌ಹಾಪ್ ಕೇಳಮ್ಮ’ ಅನ್ನುತ್ತಾನೆ. ಇವೆರಡನ್ನೂ ಹೋಲಿಸಬಹುದೇ ಮೇಡಂ?
– ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ಖಂಡಿತ ಹೋಲಿಸಿ. ಆದರೆ ಬೀಟ್ ಇಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಚಿಕ್ಕವಳಿದ್ದಾಗ ಅಮ್ಮನ ಎದುರು ಕೂತು ಬೀಸುವ ಕಲ್ಲಿನ ಗೂಟಕ್ಕೆ ಕೈ ಕೊಡುತ್ತಿದ್ದೆ. ಕಲ್ಲು ಒಂದು ಸುತ್ತು ಬರುವಾಗ ಗರ್ರ್ ಎನ್ನುವ ಸದ್ದು ಒಂದು ಕಡೆ ಭಾರವಾಗುತ್ತಿತ್ತು, ಅಲ್ಲೇ ಪದದ ಒತ್ತು ಬೀಳುತ್ತಿತ್ತು. ಕಾಳು ಹಾಕುವಾಗ ಕಲ್ಲು ನಿಧಾನವಾದರೆ ಹಾಡೂ ನಿಧಾನ. ನಿಮ್ಮಜ್ಜಿಯ ಕೊರಳಲ್ಲಿ ಆ ಕಲ್ಲು ಇನ್ನೂ ತಿರುಗುತ್ತಿದೆ.

ಹಿಪ್‌ಹಾಪ್ ಹುಟ್ಟಿದ್ದೂ ತಿರುಗುವ ತಟ್ಟೆಯಿಂದಲೇ! 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್, ಹಾಡಿನ ನಡುವೆ ಬರೀ ತಾಳವಿರುವ ತುಣುಕನ್ನು ಎರಡು ರೆಕಾರ್ಡ್‌ಗಳಿಂದ ಉದ್ದ ಮಾಡಿ ಜನರನ್ನು ಕುಣಿಸಿದರು. ಮಾತು ಆಮೇಲೆ ಅದರ ಮೇಲೇರಿತು, ಅದೇ ರ‍್ಯಾಪ್.

ದೊಡ್ಡ ವ್ಯತ್ಯಾಸ ಉಸಿರಿನದು. ಬೀಸುವ ಪದಗಳಲ್ಲಿ ಬರುವ ಮೂರು ಸಾಲಿನ ತ್ರಿಪದಿ ಹಾಡುವವರು ಎರಡನೆಯ ಸಾಲನ್ನು ಮತ್ತೆ ಹೇಳಿ, ಸ್ವರ ಎಳೆದು, ಮುಂದಿನ ಮಾತಿಗೆ ಬಿಡುವು ಮಾಡಿಕೊಳ್ಳುತ್ತಾರೆ. ರ‍್ಯಾಪ್‌ನಲ್ಲಿ ಸಾಮಾನ್ಯವಾಗಿ ಅಷ್ಟು ಬಿಡುವಿಲ್ಲ, ಅಕ್ಷರ ಒತ್ತೊತ್ತಾಗಿ ಬರುತ್ತದೆ. ಅದೂ ಕಷ್ಟದ ವಿದ್ಯೆಯೇ.

ಮಗನಿಗೆ ಟ್ರ್ಯಾಕ್ ನಿಲ್ಲಿಸಿ ಬರೀ ಬಾಯಲ್ಲಿ ಹೇಳಲು ಹೇಳಿ. ಅಜ್ಜಿಯ ಪದಕ್ಕೆ ತೊಡೆಯ ಮೇಲೆ ತಾಳ ಹಾಕಲಿ. ಆದರೆ ಆ ಮೂಲ ಧ್ವನಿಮುದ್ರಣಕ್ಕೆ ಮಾತ್ರ ಏನನ್ನೂ ಸೇರಿಸಬೇಡಿ, ಇನ್ನೊಂದು ಪ್ರತಿ ತೆಗೆದಿಡಿ.