ಗುಟ್ಟು ಮನೆಯಲ್ಲೇ ಇರಲಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಲೆನಾಡಿನ ಹಳೇ ತೊಟ್ಟಿಮನೆಯೊಂದನ್ನು ನಡುವಿಟ್ಟುಕೊಂಡು, ಅಂದು ನಡೆದ ಗುಟ್ಟನ್ನು ಇಂದಿನವರು ಬಿಡಿಸುವ ಐತಿಹಾಸಿಕ ಪತ್ತೇದಾರಿ ಕಾದಂಬರಿ ಬರೆಯುತ್ತಿರುವ ಓದುಗರ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ನನ್ನ ನಾಯಕಿ ಹೊಸನಗರದ ಕಡೆಯ ಅಜ್ಜನ ಮನೆಯ ಅಟ್ಟದಲ್ಲಿ 1830ರ ನಗರ ದಂಗೆಯ (ನಗರ ಸೀಮೆಯ ರೈತರು ಮೈಸೂರು ಸರ್ಕಾರದ ವಿರುದ್ಧ ಎದ್ದದ್ದು) ಕಾಲದ ಕಾಗದ ಕಂಡು, ಅಲ್ಲೇ ನಿಂತು ಓದುತ್ತಾಳೆ. ಇದು ನಂಬುವಂತಿದೆಯೇ? — ಓದುಗರು, ಸಾಗರ

ಸಿಗುವುದನ್ನು ನಂಬಬಹುದು, ನಿಂತಲ್ಲೇ ಓದುವುದನ್ನು ನಂಬಲಾಗದು.

ಮೊದಲು ಜಾಗದ ಮಾತು. ನಮ್ಮ ಮಳೆಗಾಲದಲ್ಲಿ ಸಾಮಾನ್ಯ ಅಟ್ಟದ ಕಾಗದಕ್ಕೆ ಬೂಷ್ಟು, ಗೆದ್ದಲು, ಬೆಳ್ಳಿಹುಳ ಮೂರೂ ಕಾದಿರುತ್ತವೆ. ಅಂದಿನ ಮಸಿ ದೀಪದ ಕಾಡಿಗೆಗೆ ಅಂಟು ಬೆರೆಸಿ ಮಾಡಿದ್ದು, ನೀರು ತಾಗಿದರೆ ಕದಡುತ್ತದೆ. ಆದ್ದರಿಂದ ಒಲೆಯ ಮೇಲಿನ ಹೊಗೆ ಅಟ್ಟ ಆರಿಸಿಕೊಳ್ಳಿ. ಅಲ್ಲಿ ವರ್ಷವಿಡೀ ಒಣ ಬಿಸಿ, ಹೊಗೆಗೆ ಹುಳ ದೂರ. ಆ ಮನೆಯಲ್ಲಿ ಸೌದೆ ಒಲೆ ಎಂದು ನಿಂತಿತು, ಗ್ಯಾಸ್ ಎಂದು ಬಂತು ಎಂಬುದನ್ನೂ ತೀರ್ಮಾನಿಸಿ. ಹೊಗೆ ನಿಂತ ಮೇಲೆ ಹುಳ ಹತ್ತಿದ್ದು ಹೊರಗಿನ ಕೆಲವು ಹಾಳೆಗಳಿಗೆ ಮಾತ್ರ ಎಂದಾದರೆ ಓದುಗರಿಗೆ ಅದು ಥಟ್ಟನೆ ಹಿಡಿಸುತ್ತದೆ.

ಕಾಗದಕ್ಕಿಂತ ಕಡತ, ತಾಳೆಗರಿಗಳು ಪತ್ತೇದಾರಿಕೆಗೆ ಒದಗಿ ಬರುತ್ತವೆ. ಕಡತವೆಂದರೆ ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಾಡಿದ ಕಪ್ಪು ಪುಸ್ತಕ. ಬಳಪದಲ್ಲಿ ಬರೆಯುವುದು, ಬೇಡವಾದರೆ ಒರೆಸಿ ಮತ್ತೆ ಬರೆಯುವುದು. ಲೆಕ್ಕ ತಿದ್ದಿದ ಶಾನುಭೋಗನೊಬ್ಬ ನಿಮ್ಮ ಕಥೆಯಲ್ಲಿದ್ದರೆ ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ತಾಳೆಗರಿ ಇದಕ್ಕೆ ತೀರಾ ವಿರುದ್ಧ. ಅದರ ಮೇಲೆ ಕಬ್ಬಿಣದ ಕಂಟದಿಂದ, ಅಂದರೆ ಮೊನಚು ಲೇಖನಿಯಿಂದ, ಕೊರೆಯುತ್ತಾರೆ, ಆಮೇಲೆ ಕಾಡಿಗೆ ಉಜ್ಜಿದರೆ ಅಕ್ಷರ ಎದ್ದು ಕಾಣುತ್ತದೆ. ಕೊರೆದದ್ದನ್ನು ಅಳಿಸಲಾಗದು, ಹೊಡೆದು ಹಾಕಬಹುದು ಅಷ್ಟೆ. ಇನ್ನೊಂದು ಸುಳಿವು ನಮಗೆ ಬಲು ಇಷ್ಟ. ಹುಳ ಕಟ್ಟನ್ನು ಕೊರೆಯುವಾಗ ಒಂದರ ಹಿಂದೊಂದು ಗರಿ ದಾಟುತ್ತದೆ, ತೂತುಗಳು ಸಾಲಾಗಿ ಕೂಡುತ್ತವೆ. ನಡುವಿನ ಒಂದೇ ಗರಿಯಲ್ಲಿ ಆ ತೂತು ಇಲ್ಲದಿದ್ದರೆ ಅದನ್ನು ಆಮೇಲೆ ಯಾರೋ ಸೇರಿಸಿದ್ದಾರೆ.

ಇನ್ನು ಓದುವ ವಿಚಾರ. ಹಳೆಯ ಕೈಬರಹದಲ್ಲಿ ಪದಗಳ ನಡುವೆ ಜಾಗವಿಲ್ಲ, ಪೂರ್ಣವಿರಾಮವಿಲ್ಲ. ಎ-ಏ, ಒ-ಓ ಹ್ರಸ್ವ ದೀರ್ಘ ಬೇರೆಯಾಗಿ ತೋರುವುದಿಲ್ಲ. ಅಂದಿನ ದಫ್ತರಗಳಲ್ಲಿ ಮೋಡಿ ಎಂಬ ಕೂಡುಬರಹದ ಲಿಪಿಯ ಮರಾಠಿಯೂ ನಡೆಯುತ್ತಿತ್ತು. ಇಂದಿನ ಹುಡುಗಿಗೆ ಬಲ್ಲವರ ನೆರವು ಬೇಕೇ ಬೇಕು. ಈ ತೊಡಕನ್ನು ಕಥೆಗೇ ದುಡಿಸಿಕೊಳ್ಳಿ. ‘ಅವನನ್ನು ಕೊಳದಲ್ಲಿಟ್ಟರು’ ಎಂದು ಓದಿ ಅವಳು ಮನೆ ಹಿಂದಿನ ಕೊಳ ಬತ್ತಿಸುತ್ತಾಳೆ. ಅದು ‘ಕೋಳದಲ್ಲಿಟ್ಟರು’, ಅಂದರೆ ಬೇಡಿ ಹಾಕಿದರು, ಎಂದು ಗೊತ್ತಾಗುವುದು ನೂರು ಪುಟ ಕಳೆದ ಮೇಲೆ. ಸತ್ತನೆಂದುಕೊಂಡವನು ಬದುಕಿದ್ದ!

ಪತ್ರಕ್ಕೆ ‘ವಿಕೃತಿ ಸಂವತ್ಸರ’ ಎಂದಷ್ಟೇ ತಾರೀಕು ಹಾಕಿದರೆ ಸಾಕೇ? — ಓದುಗರು, ತೀರ್ಥಹಳ್ಳಿ

ಸಾಕು, ಮತ್ತು ಅದೇ ನಿಮ್ಮ ಗುಟ್ಟಿನ ಬೀಗವಾಗಬಹುದು. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ. ನಗರ ದಂಗೆ ಭುಗಿಲೆದ್ದ 1830-31 ವಿಕೃತಿ, 1890-91 ವಿಕೃತಿ, ಕಾಗೋಡು ಸತ್ಯಾಗ್ರಹದ ಹಿಂದಿನ ವರ್ಷ 1950-51 ವಿಕೃತಿ, 2010-11ಕ್ಕೂ ಅದೇ ಹೆಸರು. ನಾಯಕಿ 1830ರದ್ದು ಎಂದುಕೊಂಡದ್ದು ಅವಳ ಮುತ್ತಜ್ಜನ ಕಾಲದ್ದೂ ಆಗಿರಬಹುದು.

ಬಿಡಿಸುವ ದಾರಿಗಳು ಹಲವು. ಶಾಲಿವಾಹನ ಶಕ ಬರೆದಿದ್ದರೆ 78 ಕೂಡಿಸಿದರಾಯಿತು: ಶಕ 1752 ಎಂದರೆ 1830. ಇದು ಬೇಗ ಬಿಡಿಸಿಬಿಡುತ್ತದೆ, ಆ ಮೂಲೆ ಹರಿದುಹೋಗಲಿ. ತಿಥಿಯ ಜೊತೆ ವಾರ ಬರೆಸಿ. ‘ಕಾರ್ತೀಕ ಬಹುಳ ಪಂಚಮಿ, ಗುರುವಾರ’ ಎಂದಿದ್ದರೆ ನಾಲ್ಕೂ ವರ್ಷಗಳಲ್ಲಿ ಆ ತಿಥಿಗೆ ಗುರುವಾರವೇ ಬಿದ್ದಿರುವುದು ಅಪರೂಪ. ಅಚ್ಚಿಗೆ ಕೊಡುವ ಮುನ್ನ ನಾಲ್ಕನ್ನೂ ಪಂಚಾಂಗದ ಲೆಕ್ಕದಿಂದ ತಾಳೆ ನೋಡಿ. ಓದುಗರಲ್ಲಿ ಒಬ್ಬರಾದರೂ ನೋಡಿಯೇ ನೋಡುತ್ತಾರೆ. ಅಂಚೆಯೂ ಸಾಕ್ಷಿ. 1830ರಲ್ಲಿ ಮೈಸೂರಿನ ಅಂಚೆ ಇತ್ತು, ಅಂಟಿಸುವ ಚೀಟಿ ಇರಲಿಲ್ಲ. ಕಾಲಾಣೆಯ ಪೋಸ್ಟ್‌ಕಾರ್ಡ್ ಬಂದದ್ದು 1879ರಲ್ಲಿ. ಮೈಸೂರು ಅಂಚೆ ಬ್ರಿಟಿಷ್ ಭಾರತದ ಅಂಚೆಯಲ್ಲಿ ಸೇರಿದ್ದು 1889ರಲ್ಲಿ. ಹಾಗಾಗಿ 1890ರ ವಿಕೃತಿಯ ಕಾರ್ಡಿನ ಮೇಲೆ ರಾಣಿ ವಿಕ್ಟೋರಿಯಾ ಇರುತ್ತಾಳೆ.

ಒಂದು ತಪ್ಪು ಮೇಲಿಂದ ಮೇಲೆ ಕಾಣುತ್ತಿದೆ. ಸಂವತ್ಸರ ಯುಗಾದಿಗೆ ಬದಲಾಗುತ್ತದೆ, ಜನವರಿಗಲ್ಲ. ಬ್ರಿಟಿಷರ ಪಡೆ ನಗರದ ಕೋಟೆ ಹಿಡಿದದ್ದು 1831ರ ಜೂನ್‌ನಲ್ಲಿ. ಅಷ್ಟರಲ್ಲಿ ಖರ ಸಂವತ್ಸರ ಬಂದಾಗಿತ್ತು. ಕೋಟೆ ಬಿದ್ದ ಸುದ್ದಿಗೆ ‘ವಿಕೃತಿ’ ಎಂದು ಬರೆದರೆ ಕಥೆ ಅಲ್ಲೇ ಸೋರುತ್ತದೆ. ಖೋಟಾ ಪತ್ರ ಬರೆದವನೇ ಈ ತಪ್ಪು ಮಾಡಿದನೆಂದರೆ ಮಾತ್ರ ಲಾಭ.

1830ರ ಅಧ್ಯಾಯದಲ್ಲಿ ಒಂದು ಕತ್ತಿಯನ್ನು ಮಾಡಿನ ಹೆಂಚಿನಡಿ ಅಡಗಿಸಿದ್ದೇನೆ. ಸರಿಯೇ? — ಓದುಗರು, ಶಿವಮೊಗ್ಗ

ಮಂಗಳೂರು ಹೆಂಚಾದರೆ ತಪ್ಪು. ಬಾಸೆಲ್ ಮಿಷನ್ನಿನ ಮೊದಲ ಹೆಂಚಿನ ಕಾರ್ಖಾನೆ ಮಂಗಳೂರಿನಲ್ಲಿ ಶುರುವಾದದ್ದು 1865ರಲ್ಲಿ. ಘಟ್ಟ ಹತ್ತಿ ಬಂದದ್ದು ಆಮೇಲೆ. ಅದಕ್ಕೆ ಮುಂಚೆ ಅಡಿಕೆ ಸೋಗೆ, ಹುಲ್ಲು, ಇಲ್ಲವೇ ಕೈಯಲ್ಲಿ ಮಾಡಿದ ನಾಡಹೆಂಚು. ಸೋಗೆಯನ್ನು ವರ್ಷ ವರ್ಷ ಬಿಚ್ಚಿ ಹೊದಿಸಬೇಕು, ಅದರೊಳಗೆ ಇಟ್ಟ ವಸ್ತು ಒಂದು ವರ್ಷವೂ ಗುಟ್ಟಾಗಿ ಉಳಿಯದು. ಹೆಂಚನ್ನೂ ಮಳೆಗಾಲಕ್ಕೆ ಮುಂಚೆ ಕೈಯಾಡಿಸುತ್ತಾರೆ. ಕತ್ತಿಯನ್ನು ಗೋಡೆಗೆ ಸೇರಿಸಿ.

ಮಣ್ಣಿನ ಗೋಡೆ ದಪ್ಪ, ಅದರಲ್ಲಿ ಕಳ್ಳಗೂಡು ಮಾಡುವುದು ಸುಲಭ. ಪತ್ತೆ ಹಚ್ಚಲು ಟೇಪು ಸಾಕು. ಹೊರಗಿನ ಉದ್ದ 42 ಅಡಿ ಎನ್ನಿ. ಒಳಗಿನ ಮೂರು ಕೋಣೆಗಳು 12, 10, 11, ಒಟ್ಟು 33. ಒಂದೂವರೆ ಅಡಿಯ ನಾಲ್ಕು ಗೋಡೆಗೆ 6. ಅಲ್ಲಿಗೆ 39 ಆಯಿತು. ಉಳಿದ 3 ಅಡಿ ಎಲ್ಲಿ ಹೋಯಿತು? ನಾಯಕಿ ಈ ಲೆಕ್ಕ ಮಾಡುವುದನ್ನು ಓದುಗರ ಕಣ್ಣೆದುರೇ ತೋರಿಸಿ, ಅಂಕಿಗಳನ್ನು ಮುಚ್ಚಿಡಬೇಡಿ.

ಇಂದಿನ ಭಾಗದಲ್ಲಿ ಅವಳು ದಾಖಲೆ ಹುಡುಕುವುದು ಎಲ್ಲಿ? — ಓದುಗರು, ಕೊಪ್ಪ

ಮೊದಲು ಮನೆಯ ಟ್ರಂಕಿನಲ್ಲಿ. ನೋಂದಣಿಯಾಗದ ಪಾಲುಪಟ್ಟಿ ಅಲ್ಲೇ ಇರುತ್ತದೆ, ಯಾವ ಕೋಣೆ ಯಾರಿಗೆ, ಬಾವಿಯ ನೀರು ಯಾರಿಗೆ ಎಂದು ಬರೆದಿರುತ್ತದೆ. ಈಗ ಇಲ್ಲದ ಒಂದು ಕೋಣೆ ಪಟ್ಟಿಯಲ್ಲಿದ್ದರೆ ಮೇಲಿನ 3 ಅಡಿಯ ಜೊತೆ ಅದನ್ನು ಕೂಡಿಸಿ. ಆಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿ. 1908ರ ನೋಂದಣಿ ಕಾಯ್ದೆಯಂತೆ ಸ್ಥಿರಾಸ್ತಿಯ ಕ್ರಯ, ಅಡಮಾನಗಳು 1ನೇ ಪುಸ್ತಕದಲ್ಲಿ, ಉಯಿಲು 3ನೇ ಪುಸ್ತಕದಲ್ಲಿ. ಶುಲ್ಕ ಕಟ್ಟಿ 1ನೆಯದನ್ನು ಯಾರೂ ನೋಡಬಹುದು. ಉಯಿಲು ಹಾಗಲ್ಲ. ಬರೆದವರು ಬದುಕಿರುವಾಗ ಅದರ ನಕಲು ಅವರಿಗೆ ಅಥವಾ ಅವರ ಮುಖ್ತಿಯಾರರಿಗೆ ಮಾತ್ರ. ಅಜ್ಜಿ ಬದುಕಿರುವಾಗಲೇ ಮೊಮ್ಮಗಳ ಕೈಗೆ ಉಯಿಲಿನ ನಕಲು ಕೊಡಿಸಬೇಡಿ. ಗೇಣಿಯ ಜಗಳವಿದ್ದರೆ 1974ರ ಭೂಸುಧಾರಣೆ ತಿದ್ದುಪಡಿಯ ನಂತರದ ಭೂ ನ್ಯಾಯಮಂಡಳಿಯ ಕಡತಗಳೂ ಬೇಕು. ಒಕ್ಕಲು ಕೊಟ್ಟ ಹೇಳಿಕೆಯಲ್ಲಿ ಧಣಿಯ ಮನೆಯವರು ಎಂದೂ ಬಾಯಿಬಿಡದ ಸಂಗತಿ ಇರಲು ಸಾಧ್ಯ.

ಅಂದು ಇಂದು ಅಧ್ಯಾಯಗಳನ್ನು ಒಂದು ಬಿಟ್ಟು ಒಂದು ಹಾಕಲೇ? — ಓದುಗರು, ಸೊರಬ

ಹಾಗೆ ಕಟ್ಟಿಹಾಕಿಕೊಳ್ಳಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಅಧ್ಯಾಯಕ್ಕೂ ಮೂರು ಸಾಲು ಬರೆಯಿರಿ: ನಾಯಕಿಗೆ ಏನು ಗೊತ್ತು, ಓದುಗರಿಗೆ ಏನು ಗೊತ್ತು, ಅಂದಿನವರಿಗೆ ಏನು ಗೊತ್ತು. ಮೊದಲೆರಡು ಸಾಲು ಒಂದೇ ಆದ ಕಡೆ ಕಥೆ ಜೋಲುತ್ತದೆ. ಇಂದಿನವರು ಪ್ರಶ್ನೆ ಕೇಳಿದ ಕೂಡಲೇ ಅಂದಿನ ಅಧ್ಯಾಯ ಉತ್ತರ ಹೇಳಿದರೆ ಅವಳ ಹುಡುಕಾಟಕ್ಕೆ ಬೆಲೆಯೇ ಇರುವುದಿಲ್ಲ. ಒಂದೆರಡು ಅಧ್ಯಾಯ ತಡೆಯಿರಿ.

ನನ್ನ ಕಥೆಯ ಮೂಲ ಮನೆ ಶರಾವತಿ ಹಿನ್ನೀರಿನಲ್ಲಿ ಮುಳುಗಿದೆ. ಸುಳಿವೆಲ್ಲ ನೀರಿನಡಿ ಹೋಯಿತಲ್ಲ! — ಓದುಗರು, ರಿಪ್ಪನ್‌ಪೇಟೆ

ಎಲ್ಲವೂ ಹೋಗಬೇಕಿಲ್ಲ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೂ ಹಿಂದೆ 1948ರ ಹಿರೇಭಾಸ್ಕರ ಅಣೆಕಟ್ಟೆ ಇತ್ತು. ನಿಮ್ಮ ಮನೆ ಮುಳುಗಿದ್ದು ಯಾವುದರ ನೀರಿಗೆ ಎಂದು ಮೊದಲು ನಿಶ್ಚಯಿಸಿ, ಪಾತ್ರಗಳ ವಯಸ್ಸೆಲ್ಲ ಅದನ್ನೇ ಹಿಡಿದು ಬರುತ್ತದೆ. ಮಣ್ಣಿನ ಗೋಡೆ ನೀರಲ್ಲಿ ಕರಗುತ್ತದೆ. ಮರವನ್ನು ಬಿಚ್ಚಿ ಸಾಗಿಸಬಹುದು: ಹೆಬ್ಬಾಗಿಲು, ಮುಂಡಿಗೆ (ಮರದ ಕಂಬ), ತೊಲೆ. ಅವನ್ನು ಹೊಸ ಊರಿನ ಮನೆಗೆ ಕೂಡಿಸಿ. ಆಗ 1965ರ ಮನೆಯಲ್ಲಿ ಇನ್ನೂರು ವರ್ಷದ ಬಾಗಿಲಿರುತ್ತದೆ, ಮುಂಡಿಗೆಯಲ್ಲಿ ಈಗ ಯಾವ ತೊಲೆಯೂ ಕೂರದ ಚೌಕ ತೂತುಗಳಿರುತ್ತವೆ. ಆ ತೂತುಗಳ ಎತ್ತರ, ನಡುವಿನ ಅಂತರ ಅಳೆದರೆ ಮುಳುಗಿದ ಮನೆಯ ಅಟ್ಟ ಎಷ್ಟು ಎತ್ತರದಲ್ಲಿತ್ತು, ಅದರ ತೊಲೆಗಳು ಎತ್ತ ಹಾಯುತ್ತಿದ್ದವು ಎಂದು ನಾಯಕಿ ಹಾಳೆಯ ಮೇಲೆ ಗೆರೆ ಎಳೆಯಬಲ್ಲಳು. ಒಂದು ಮುಂಡಿಗೆಯಲ್ಲಿ ಮಾತ್ರ ತೂತು ನಾಲ್ಕು ಅಡಿ ಕೆಳಗಿರಲಿ.