ಟೆಂಟು ಮತ್ತೆ ಅದರ ಚೀಲದಲ್ಲಿ ಹಿಡಿಸುತ್ತಿಲ್ಲ. ನೀಟಾಗಿ ಮಡಚುವುದು ಹೇಗೆ? ಮಳೆಗಾಲ ಕಳೆಯುವ ತನಕ ಅಟ್ಟದ ಮೇಲೆ ಯಾವ ಡಬ್ಬಿಯಲ್ಲಿ ಇಡಲಿ? ಇಲಿ ಕಾಟ ಇದೆ, ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿ ತಗೊಳ್ಳಲೇ?

ಚೀಲದಲ್ಲಿ ಹಿಡಿಸುತ್ತಿಲ್ಲ ಅಂದರೆ ಒಳ್ಳೆಯದೇ ಆಯಿತು ಬಿಡ್ರಿ. ನನ್ನ ಟೆಂಟು ಹಿಡಿಸಿತ್ತು. ಮೊಣಕಾಲೂರಿ ಒತ್ತಿ, ಗಾಳಿಯೆಲ್ಲ ಹೊರಗೆ ಹಾಕಿ, ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೇ ಸುರುಳಿ ಸುತ್ತಿ, ಲಾಡಿ ಜಗ್ಗಿ ಗಂಟು ಹಾಕಿ ಅಟ್ಟಕ್ಕೇರಿಸಿದ್ದೆ. ಎಂಟೂವರೆ ಸಾವಿರ ರೂಪಾಯಿ ಅವತ್ತೇ ಮುಗಿದಿತ್ತು. ನನಗೆ ಗೊತ್ತಾಗಿದ್ದು ಮಾತ್ರ ದೀಪಾವಳಿಗೆ.

ಇಲಿ ಕಾಟ ಇದೆ, ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿ ತಗೊಳ್ಳಲೇ ಅಂತ ಕೇಳಿದ್ದೀರಿ. ಅದಕ್ಕೆ ಆಮೇಲೆ ಬರ್ತೀನಿ. ಮೊದಲು ನನ್ನ ಕತೆ.

ನಾನು ಬೆಳಗಾವಿಯವನು. 2022ರ ಜುಲೈ, ಒಂದು ಶನಿವಾರ. ನಾಲ್ಕು ಮಂದಿ ಗೆಳೆಯರು ಜಾಂಬೋಟಿ ಕಡೆ ಹೊರಟೆವು. ಅಲ್ಲಿಯ ಭೀಮಗಡ 2011ರಿಂದ ಅಭಯಾರಣ್ಯ, ಆ ಅಡವಿಯಲ್ಲಿ ಕಂಡಕಂಡಲ್ಲಿ ಗೂಟ ಬಡಿಯುವಂತಿಲ್ಲ. ಹಾಗಾಗಿ ಒಬ್ಬ ಗೆಳೆಯನ ಸೋದರಮಾವನ ಹೊಲ ಹಿಡಿದೆವು. ಹೊಲ ಅಂದರೆ ಭತ್ತದ ಗದ್ದೆ. ಅದರ ಮೇಲಿನ ದಿಬ್ಬದಲ್ಲಿ ಒಂದು ಗೇರು ಮರ, ಮರದಿಂದ ಸ್ವಲ್ಪ ದೂರ ನಮ್ಮ ಟೆಂಟು. ರಾತ್ರಿ ಹತ್ತಕ್ಕೆ ಹಿಡಿದ ಮಳೆ ಬೆಳಗಿನ ತನಕ ಉಸಿರು ಬಿಡಲಿಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿ ಅದೇ ರಸ್ತೆಯಲ್ಲಿ ಮುಂದೆ ಇದೆ, ಅಂಥ ಸೀಮೆ ಅದು. ಆದರೂ ಒಂದು ಹನಿ ಒಳಗೆ ಬರಲಿಲ್ಲ ನೋಡ್ರಿ. ಬೆಳಿಗ್ಗೆ ಎಲ್ಲರಿಗೂ ಚಹಾ ಕೊಡುತ್ತ, ಟೆಂಟನ್ನು ನಾನೇ ನೇಯ್ದವನ ಹಾಗೆ ಬೀಗುತ್ತಿದ್ದೆ.

ಮಳೆಯಲ್ಲೇ ಬಿಚ್ಚಿ, ಮುದ್ದೆ ಮಾಡಿ ಡಿಕ್ಕಿಗೆ ಹಾಕಿ, ರವಿವಾರ ಮಧ್ಯಾಹ್ನ ಮನೆಗೆ ಬಂದೆವು.

ಇಲ್ಲಿಂದ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಒದ್ದೆ ಟೆಂಟು ಕಟ್ಟಿಡಬಾರದು ಅಂತ ಎಲ್ಲರೂ ಹೇಳುತ್ತಾರೆ. ನನಗೂ ಗೊತ್ತಿತ್ತು. ನಾನು ಒದ್ದೆ ಟೆಂಟು ಕಟ್ಟಿಡಲಿಲ್ಲ, ಒಣಗಿಸಿಯೇ ಕಟ್ಟಿದೆ. ಪಡಸಾಲೆಯಲ್ಲಿ ಹಗ್ಗ ಕಟ್ಟಿ ಮೇಲಿನ ಹೊದಿಕೆ ಹರವಿದೆ, ಒಳಗಿನ ಟೆಂಟನ್ನು ನಾಲ್ಕು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಚೆಲ್ಲಿದೆ. ನಮ್ಮೂರ ಜುಲೈಯಲ್ಲಿ ಅಪರೂಪಕ್ಕೆ ಅವತ್ತು ಮೂರರಿಂದ ಐದರ ತನಕ ಬಿಸಿಲೂ ಬಿತ್ತು. ಸಂಜೆ ಅಂಗೈಯಿಂದ ಸವರಿ ನೋಡಿದೆ. ಒಣಗಿ ಸರಸರ ಅನ್ನುತ್ತಿತ್ತು. ಸೋಮವಾರ ಫಸ್ಟ್ ಶಿಫ್ಟ್, ಬೆಳಿಗ್ಗೆ ಐದಕ್ಕೆ ಏಳಬೇಕು. ಮಡಚಿದೆ, ಸುತ್ತಿದೆ, ಅಟ್ಟಕ್ಕೆ ಹಾಕಿದೆ.

ನಾನು ಸವರಿದ್ದು ನಡುವಿನ ಬಟ್ಟೆಯನ್ನು. ಅದು ಪಾಲಿಯೆಸ್ಟರ್, ನೀರು ಕುಡಿಯುವುದೇ ಇಲ್ಲ. ಎರಡು ಸಲ ಝಾಡಿಸಿದರೆ ಅರ್ಧ ತಾಸಿನಲ್ಲಿ ಒಣಗುತ್ತದೆ. ಮೋಸ ಮಾಡುವುದೇ ಅದು. ನೀರು ಕೂತಿರುವುದು ಬೇರೆ ಕಡೆ: ಅಂಚಿನಲ್ಲಿ ಮೂರು ಪದರ ಮಡಚಿ ಹೊಲಿದ ಪಟ್ಟಿಯಲ್ಲಿ, ಗೂಟಕ್ಕೆ ಸಿಕ್ಕಿಸುವ ಮೂಲೆಯ ದಪ್ಪ ಪಟ್ಟಿಗಳಲ್ಲಿ, ಕೋಲು ತೂರಿಸುವ ಕೊಳವೆಯಲ್ಲಿ, ಜಿಪ್ಪಿನ ಹಿಂದಿನ ಮುಚ್ಚಳದಲ್ಲಿ. ಎಲ್ಲಕ್ಕಿಂತ ಹೆಚ್ಚು ನೆಲಹಾಸಿನ ಅಡಿಗೆ. ಅಲ್ಲಿ ಜಾಂಬೋಟಿಯ ಕೆಂಪು ಮಣ್ಣು ಸಾರಣೆ ಮಾಡಿದಂತೆ ತೆಳ್ಳಗೆ ಹತ್ತಿಕೊಂಡಿತ್ತು. ಮಣ್ಣು ನೀರನ್ನು ಹಿಡಿದು ಕೂತಿತ್ತು, ನಾನು ಆ ಮಗ್ಗುಲು ತಿರುವಿಯೂ ನೋಡಲಿಲ್ಲ. ಮಳೆಗಾಲದಲ್ಲಿ ಪ್ಯಾಂಟು ಒಣಗಿಸಿದ್ದೀರಲ್ಲ? ಕಾಲು ಒಣಗಿ ಗರಿಗರಿ, ಸೊಂಟದ ಪಟ್ಟಿ ಮತ್ತು ಕಿಸೆ ಮಾತ್ರ ತಣ್ಣಗೆ. ಟೆಂಟಿಗೆ ಅಂಥ ಸೊಂಟದ ಪಟ್ಟಿ ಹತ್ತಿಪ್ಪತ್ತು ಕಡೆ ಇರುತ್ತವೆ. ಬಿಗಿಯಾಗಿ ಸುತ್ತಿದ ಮೇಲೆ ಅಲ್ಲಿಯ ತೇವಕ್ಕೆ ಹೊರಗೆ ದಾರಿಯಿಲ್ಲ, ಇಡೀ ಸುರುಳಿಗೆ ಹಂಚಿಕೊಳ್ಳುತ್ತದೆ. ಒಟ್ಟು ನೀರು ಒಂದು ಚಹಾ ಕಪ್ಪಿನಷ್ಟೂ ಇದ್ದಿರಲಿಕ್ಕಿಲ್ಲ.

ಇದರಲ್ಲಿ ನಾಚಿಕೆಯ ಸಂಗತಿ ಇನ್ನೊಂದಿದೆ. ನನ್ನ ಕೆಲಸ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ. ಅಚ್ಚಿನ ಮರಳಿನಲ್ಲಿ ತೇವ ಶೇ. 3–4ರ ಆಸುಪಾಸಿನಲ್ಲಿ ಇದೆಯೋ ಇಲ್ಲವೋ ಅಂತ ದಿನಾ ತಪಾಸಣೆ ಮಾಡುವವನು ನಾನು. ಸ್ವಲ್ಪ ಹೆಚ್ಚಾದರೆ ಕಾಸಿದ ಕಬ್ಬಿಣ ಬಿದ್ದ ಕೂಡಲೇ ಆವಿಯೆದ್ದು ಎರಕದೊಳಗೆ ತೂತು ಬೀಳುತ್ತದೆ. ಅಲ್ಲಿ ಕೈಯಿಂದ ಮುಟ್ಟಿ 'ಒಣಗೇತಿ' ಅಂದರೆ ಸೂಪರ್‌ವೈಜರ್ ಒದ್ದು ಹೊರಗೆ ಹಾಕುತ್ತಾನೆ. ಮನೆಯಲ್ಲಿ ಮಾತ್ರ ಅಂಗೈಯೇ ಮೀಟರು.

ದೀಪಾವಳಿ ಪಾಡ್ಯದ ಮರುದಿನ ಹಿಡಕಲ್ ಡ್ಯಾಮಿನ ಹಿನ್ನೀರಿನ ಹತ್ತಿರ, ಮತ್ತೊಬ್ಬ ಗೆಳೆಯನ ಹೊಲ. ಹೊತ್ತು ಮುಳುಗುತ್ತಿತ್ತು. ಲಾಡಿ ಬಿಚ್ಚಿದೆ. ಹಸಿಗೂಸು ಹಾಲು ಕಕ್ಕಿದ ಬಟ್ಟೆಯನ್ನು ಮೂರು ದಿನ ಬಚ್ಚಲ ಮೂಲೆಯಲ್ಲಿ ಬಿಟ್ಟರೆ ಬರುತ್ತದಲ್ಲ, ಆ ವಾಸನೆ. ಪಕ್ಕದವನು ಎರಡು ಹೆಜ್ಜೆ ಹಿಂದೆ ಸರಿದು, "ಒಳಗ ಏನರ ಸತ್ತೈತೇನೋ?" ಅಂದ. ಬಿಡಿಸಲು ಹೋದರೆ ಪದರಕ್ಕೆ ಪದರ ಅಂಟಿದೆ. ಬೆಲ್ಲದ ಪೆಂಟಿಗೆ ಸುತ್ತಿದ ಕಾಗದ ಕಿತ್ತಂತೆ ಚರ್ರ್ ಅಂತ ಬಿಡುತ್ತಿತ್ತು, ಕೈಗೆಲ್ಲ ಜಿಗಿಜಿಗಿ. ಹೊಲಿಗೆಯ ಮೇಲೆ ಅಂಟಿಸಿದ ಪಾರದರ್ಶಕ ಪಟ್ಟಿ ಹಾವಿನ ಪೊರೆಯಂತೆ ಉದ್ದಕ್ಕೆ ಕಳಚಿ ಬಂತು. ನೆಲಹಾಸಿನ ಮೂಲೆಗಳಲ್ಲಿ ಸಾಸಿವೆ ಚೆಲ್ಲಿದಂತೆ ಕರಿ ಬೂಸ್ಟಿನ ಚುಕ್ಕೆ. ಆ ರಾತ್ರಿ ನಾಲ್ಕು ಗಂಡಾಳು ಕಾರಿನಲ್ಲಿ ಕೂತೇ ನಿದ್ದೆ ಮಾಡಿದೆವು. ಅದನ್ನು ಗೆಳೆಯರು ಇವತ್ತಿಗೂ ಮರೆತಿಲ್ಲ, ಮರೆಯಲು ಬಿಡುವುದೂ ಇಲ್ಲ.

ಮನೆಗೆ ತಂದಾಗ ಅವ್ವ ಒಮ್ಮೆ ಮೂಸಿ ಸೆರಗು ಮೂಗಿಗೆ ಒತ್ತಿಕೊಂಡಳು.

"ಒಣಗಿಸೇನಿ ಅಂದಿದ್ದೆಲ್ಲೋ?"

"ಒಣಗಿಸಿದ್ದೆ ಅವ್ವಾ, ಮುಟ್ಟಿ ನೋಡಿದ್ದೆ."

"ಸಂಡಿಗಿ ಮುಟ್ಟಿ ನೋಡಿ ಡಬ್ಬ್ಯಾಗ ತುಂಬತಾರೇನು? ಮುರದ್ ನೋಡಬೇಕು. ಮ್ಯಾಲೆ ಗರಿಗರಿ, ಒಳಗ ಹಸಿ."

ಇಷ್ಟು ಸಾಲದು ಅಂತ ನಾನು ಅದನ್ನು ವಾಷಿಂಗ್ ಮಷೀನಿಗೆ ಹಾಕಿ, ಸೋಪಿನ ಪುಡಿ ಸುರಿದು ತಿರುಗಿಸಿದೆ. ಉಳಿದ ಲೇಪವೂ ತಲೆಹೊಟ್ಟಿನಂತೆ ಉದುರಿ ಮಷೀನಿನ ಜಾಳಿಗೆ ಸೇರಿತು. ನೀವು ಅದನ್ನಂತೂ ಮಾಡಬೇಡಿ. ಕೊನೆಗೆ ಪೇಟೆಯಲ್ಲಿ ತಾಡಪತ್ರಿ ಹೊಲಿಯುವವರ ಹತ್ತಿರ ಒಯ್ದೆ. ಅವರು ಬೆಳಕಿಗೆ ಹಿಡಿದು ನೋಡಿ, "ಇದರ ಮೈಗೆ ಬಳದಿದ್ದs ಹೋಗೇತ್ರಿ ಸಾಹೇಬ್ರ, ಹೊಲದ್ರ ಏನ್ ಬರತೈತಿ?" ಅಂತ ವಾಪಸ್ಸು ಕೊಟ್ಟರು. ರೊಕ್ಕ ತಗೊಳ್ಳಲಿಲ್ಲ.

ಅವರು ಹೇಳಿದ್ದು ಪೂರಾ ಸರಿ. ಟೆಂಟಿನ ಬಟ್ಟೆ ತಾನಾಗಿ ನೀರು ತಡೆಯುವುದಿಲ್ಲ. ನಮ್ಮಂಥವರು ಕೊಳ್ಳುವ ಹೆಚ್ಚಿನ ಟೆಂಟುಗಳಲ್ಲಿ ಬಟ್ಟೆಯ ಒಳಮೈಗೆ ಪಾಲಿಯುರೆಥೇನ್ ಎಂಬ ತೆಳು ಲೇಪ ಇರುತ್ತದೆ. ಚೀಟಿಯ ಮೇಲೆ 2000 ಮಿ.ಮೀ., 3000 ಮಿ.ಮೀ. ಅಂತ ಬರೆದಿರುವುದು ಈ ಲೇಪದ ತಾಕತ್ತು. 2000 ಅಂದರೆ ಎರಡು ಮೀಟರ್ ಎತ್ತರದ ನೀರಿನ ಕಂಬ ಮೇಲೆ ನಿಂತರೂ ಸೋರುವುದಿಲ್ಲ ಅಂತ ಲೆಕ್ಕ. ಮಳೆಯನ್ನು ತಡೆಯುವ ಈ ಲೇಪವನ್ನೇ ನೀರಿನ ತೇವ ತಿಂಗಳುಗಟ್ಟಲೆ ಕೂತು ಒಳಗಿಂದ ಮುರಿಯುತ್ತದೆ. ಇದಕ್ಕೆ ಜಲವಿಚ್ಛೇದನೆ ಅನ್ನುತ್ತಾರೆ. ಬಿಸಿ ಸೇರಿದರೆ ಇನ್ನೂ ಬೇಗ. ನಮ್ಮ ಅಟ್ಟದ ಮೇಲೆ ತಗಡು, ಅಕ್ಟೋಬರ್ ಬಿಸಿಲಿಗೆ ಅದು ರೊಟ್ಟಿ ಹಂಚು. ಮದುವೆಗೆ ತಂದ ಬೂಟು ಡಬ್ಬಿಯಲ್ಲೇ ವರ್ಷಗಟ್ಟಲೆ ಇದ್ದು, ಹಾಕಿಕೊಂಡ ದಿನ ಸೋಲು ಪುಡಿಪುಡಿ ಆಗುತ್ತದಲ್ಲ, ಅಲ್ಲೂ ನಡೆಯುವುದು ಹೆಚ್ಚಾಗಿ ಇದೇ. ಬೂಸ್ಟು ಬೇರೆ ರೋಗ, ಲೇಪ ಹೋಗುವುದು ಬೇರೆ ರೋಗ. ಒಂದೇ ತೇವಕ್ಕೆ ಎರಡೂ ಬರುತ್ತವೆ. ಬೂಸ್ಟಿನ ಕಲೆ ಉಳಿದರೂ ಟೆಂಟು ಬಳಸಬಹುದು, ಜಿಗಿ ಬಂದದ್ದಕ್ಕೆ ಮಾತ್ರ ಸುಲಭದ ಮದ್ದಿಲ್ಲ. ಸ್ಪಿರಿಟ್ ಹಾಕಿ ಹಳೆಯ ಲೇಪ ತಿಕ್ಕಿ ತೆಗೆದು ಹೊಸದು ಬಳಿಯುವವರಿದ್ದಾರೆ. ಅಂಗೈಯಗಲ ಆದರೆ ಸರಿ, ಇಡೀ ಟೆಂಟಿಗೆ ಆ ದುಡಿಮೆ ನನಗೆ ದಂಡ ಅನಿಸಿತು.

ಈಗ ನಿಮ್ಮ ಡಬ್ಬಿ. ಬೇಡ. ಗಾಳಿ ಆಡದ ಡಬ್ಬಿ ಹೊರಗಿನ ತೇವ ಒಳಗೆ ಬಿಡುವುದಿಲ್ಲ ಅನ್ನುವುದು ನಿಜ, ಆದರೆ ಒಳಗಿನದನ್ನೂ ಹೊರಗೆ ಬಿಡುವುದಿಲ್ಲ. ಜುಲೈಯಲ್ಲಿ ಬೆಳಗಾವಿಯ ಮನೆಯೊಳಗೆ ಉಪ್ಪಿನ ಡಬ್ಬಿಯೇ ನೀರಾಗುತ್ತದೆ, ಅಂಥ ಗಾಳಿಯನ್ನೇ ಒಳಗೆ ಹಾಕಿ ಮುಚ್ಚಳ ಒತ್ತುತ್ತೀರಿ. ಇನ್ನು ಇಲಿ. ಅದಕ್ಕೆ ಬೇಕಾಗಿರುವುದು ಹೆಚ್ಚಾಗಿ ನಿಮ್ಮ ಬಟ್ಟೆಯಲ್ಲ, ಮೂಲೆಯಲ್ಲಿ ಬಿದ್ದ ಚುರುಮುರಿ. ಟೆಂಟಿನೊಳಗೆ ತಿನ್ನುವುದು ಬಿಡಿ, ಬಿಚ್ಚುವ ಮೊದಲು ತಲೆಕೆಳಗು ಮಾಡಿ ಕೊಡವಿ. ಅಟ್ಟವನ್ನೂ ಬಿಡಿ. ನನ್ನ ಈಗಿನ ಟೆಂಟು ಮಲಗುವ ಕೋಣೆಯ ಕಪಾಟಿನಲ್ಲಿ, ಹಳೆಯ ಕೌದಿಗೆ ಅವ್ವ ಹೊಲಿದಿದ್ದ ದೊಡ್ಡ ಕಾಟನ್ ಗಲೀಫಿನೊಳಗೆ ಸಡಿಲವಾಗಿ ತುರುಕಿದೆ. ಹೌದು, ತುರುಕಿದೆ. ನೀಟಾಗಿ ಮಡಚುವುದು ಹೇಗೆ ಅಂತ ಕೇಳಿದ್ದೀರಿ, ಮನೆಯಲ್ಲಿಡುವಾಗ ನೀಟು ಬೇಕಾಗಿಯೇ ಇಲ್ಲ. ಪ್ರತಿ ಸಲ ಅದೇ ಗೆರೆಗೆ ಮಡಚಿದರೆ ಲೇಪ ಅದೇ ಗೆರೆಗೆ ಸೀಳುತ್ತದೆ. ಹೊಲದಲ್ಲಿ ರಾಶಿಗೆ ಮುಚ್ಚುವ ತಾಡಪತ್ರಿ ಮೊದಲು ಎಲ್ಲಿ ಸೋರುತ್ತದೆ, ಯಾವ ರೈತನನ್ನಾದರೂ ಕೇಳಿ. ಮಡಿಕೆಯಲ್ಲಿ.

ಅಂಗಡಿಯ ಚೀಲ ಪ್ರಯಾಣಕ್ಕೆ ಮಾತ್ರ. ಅದರಲ್ಲಿ ಹಿಡಿಸಬೇಕೆಂದರೆ ಬಾಗಿಲ ಜಿಪ್ಪು ಸ್ವಲ್ಪ ತೆರೆದಿಡಿ, ಕೋಲಿನ ಚೀಲದ ಉದ್ದಕ್ಕೆ ಸಮನಾಗಿ ಅಗಲ ಮಡಚಿ, ಎದುರು ತುದಿಯಿಂದ ಬಾಗಿಲ ಕಡೆಗೆ ಕೋಲಿನ ಸುತ್ತ ಸುತ್ತುತ್ತ ಬನ್ನಿ. ಗಾಳಿ ತಾನೇ ಹೊರಡುತ್ತದೆ, ಮೊಣಕಾಲು ಬೇಡ. ಗೂಟಗಳನ್ನು ಮಣ್ಣು ಒರೆಸಿ ಬೇರೆ ಚೀಲದಲ್ಲಿಡಿ, ಅವು ಚುಚ್ಚುತ್ತವೆ, ತುಕ್ಕೂ ಹತ್ತಿಸುತ್ತವೆ. ಕೋಲನ್ನು ಮಡಚುವಾಗ ನಡುವಿನಿಂದ ಶುರುಮಾಡಿ ತುದಿಗಳ ಕಡೆಗೆ ಹೋಗಿ. ಒಳಗಿನ ಎಲಾಸ್ಟಿಕ್ ದಾರದ ಮೇಲೆ ಎಳೆತ ಎರಡೂ ಕಡೆ ಸಮ ಬೀಳುತ್ತದೆ.

ಒಣಗಿಸುವ ಬಗ್ಗೆ ನಾನೀಗ ಹಟಮಾರಿ. ಕೆಸರನ್ನು ಸ್ಪಂಜಿನಿಂದ ಬರಿ ನೀರಲ್ಲಿ ಒರೆಸುತ್ತೇನೆ, ಜಿಪ್ಪಿನ ಹಲ್ಲಿಗೆ ಹಳೆಯ ಟೂತ್‌ಬ್ರಷ್. ಆಮೇಲೆ ಟೆಂಟು ಹಾಲ್‌ನಲ್ಲಿ, ಫ್ಯಾನಿನ ಅಡಿ, ಮೊದಲ ದಿನ ಸರಿಯಾಗಿ ನಿಲ್ಲಿಸಿ, ಮರುದಿನ ಬುಡಮೇಲು ಮಾಡಿ. ನಮ್ಮ ಮಳೆಗಾಲಕ್ಕೆ ಎರಡು ದಿನ ಬೇಕೇ ಬೇಕು. ಬಿಸಿಲಿದ್ದರೂ ನೆರಳೇ ವಾಸಿ, ಸುಡು ಬಿಸಿಲಲ್ಲಿ ದಿನಗಟ್ಟಲೆ ಬಿಟ್ಟರೆ ನೂಲೇ ಜೀರ್ಣವಾಗುತ್ತದೆ. ಎರಡು ದಿನ ಮನೆಯವರು ಟೆಂಟಿನ ಸುತ್ತ ಹಾಯ್ದು ಅಡುಗೆಮನೆಗೆ ಹೋಗಬೇಕು, ಮಗಳು ಅದರೊಳಗೇ ಊಟ ಮಾಡ್ತೀನಿ ಅಂತ ರಂಪ ಮಾಡುತ್ತಾಳೆ (ಚುರುಮುರಿ ಮಾತ್ರ ಬಂದ್). ಕೊನೆಗೆ ಅಂಗೈಯಿಂದ ಅಲ್ಲ, ಕೆನ್ನೆಯಿಂದ ನೋಡುತ್ತೇನೆ. ನಾಲ್ಕೂ ಮೂಲೆಯ ಪಟ್ಟಿ, ಜಿಪ್ಪಿನ ಮುಚ್ಚಳ, ಕೋಲಿನ ಕೊಳವೆಯ ಬಾಯಿ, ಒಂದೊಂದನ್ನೂ ಕೆನ್ನೆಗೆ ಒತ್ತುವುದು. ತಣ್ಣಗೆ ಅನಿಸಿದರೆ ಇನ್ನೂ ಹಸಿ ಇದೆ, ಇನ್ನೊಂದು ರಾತ್ರಿ ಫ್ಯಾನು. ಹೆಂಡತಿ ಮೊದಲ ಸಲ ಇದನ್ನು ನೋಡಿದಾಗ ಏನಂದಳು ಅನ್ನುವುದು ಇಲ್ಲಿ ಬೇಡ.

ವಿಜಯಪುರದ ಗೆಳೆಯನೊಬ್ಬ ಇದನ್ನೆಲ್ಲ ಕೇಳಿ ನಗುತ್ತಾನೆ. ಅವನ ಟೆಂಟು ಸುಮ್ಮನೆ ಮೂಲೆಯಲ್ಲಿ ಬಿದ್ದಿರುತ್ತದೆ, ಏನೂ ಆಗಿಲ್ಲ. ಅಲ್ಲಿಯ ಒಣಹವೆಗೆ ಅದು ನಡೆಯುತ್ತದೆ. ಅವನಿಗೆ ಎರೆಮಣ್ಣಿನ ಹೆಂಟೆಯಿಂದ ಗೂಟ ಬಿಡಿಸುವುದೇ ದೊಡ್ಡ ಕೆಲಸ. ನೀವು ಮಳೆಗಾಲ ಕಳೆಯುವ ತನಕ ಅಂತ ಬರೆದಿದ್ದೀರಿ ಅಂದ ಮೇಲೆ ಅವನ ಲೆಕ್ಕ ನಿಮಗೆ ಬರುವುದಿಲ್ಲ. ಇವತ್ತೇ ಟೆಂಟು ಬಿಚ್ಚಿ, ಮೊದಲು ಮೂಸಿ, ಆಮೇಲೆ ಕೆನ್ನೆ.

ನನ್ನ ಹಳೆಯ ಟೆಂಟು ಏನಾಯಿತು ಅಂದರೆ, ಜಿಗಿ ಹಿಡಿದ ಹೊದಿಕೆ ಕಸಕ್ಕೆ ಹೋಯಿತು. ಒಳಗಿನ ಸೊಳ್ಳೆಪರದೆಯ ಜಾಳಿಗೆ ಮಾತ್ರ ಲೇಪ ಇರಲಿಲ್ಲ, ಅದು ಉಳಿಯಿತು. ಅವ್ವ ಕತ್ತರಿಸಿ, ಅಂಚು ಹೊಲಿದು, ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಸಂಡಿಗೆಗೆ ಹೊದಿಸುತ್ತಾಳೆ. ಕಾಗೆ ಈಗ ಬಾಯಿ ಹಾಕುವುದಿಲ್ಲವಂತೆ.