ಪೆಟ್ರೋಲಿನಿಂದ ಹೋದ ಸೀಸ, ಬೀದಿಯಲ್ಲೇ ಉಳಿದ ಸೀಸ

ಬೀದಿ ದೂಳಿನಲ್ಲಿರುವ ಲೋಹಗಳ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ಬೆಂಗಳೂರಿನ ರಾಜಾಜಿನಗರದ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: ‘ಸೀಸದ ಪೆಟ್ರೋಲು ಎಂದೋ ನಿಂತಿತು, ಈಗ ವಿದ್ಯುತ್ ವಾಹನಗಳೂ ಬಂದಿವೆ. ನಾವೆಲ್ಲ ಬೀದಿಯ ಮಣ್ಣಿನಲ್ಲೇ ಆಡಿ ಬೆಳೆದವರು. ಮೊಮ್ಮಕ್ಕಳಿರುವ ಮನೆಯವರನ್ನು ಹೀಗೆ ಹೆದರಿಸುವುದೇಕೆ? ಹೆದರಲೇಬೇಕೆಂದಿದ್ದರೆ ಮಾಡಬೇಕಾದದ್ದೇನೆಂದಾದರೂ ತಿಳಿಸಿ.’

ಸೀಸದ ಪೆಟ್ರೋಲು ದೇಶದಾದ್ಯಂತ 2000ದಲ್ಲಿ ನಿಂತದ್ದು ನಿಜ, ಅದರಿಂದ ಒಳಿತಾದದ್ದೂ ನಿಜ. ಆದರೆ ಸ್ವಾಮಿ, ಸೀಸ ಕೊಳೆತು ಕರಗಿಹೋಗುವ ವಸ್ತುವಲ್ಲ. ಅಂದು ಹೊಗೆಯೊಡನೆ ಹೊರಬಿದ್ದು ರಸ್ತೆಬದಿಯ ಮಣ್ಣು ಸೇರಿದ್ದು, ಯಾರೋ ಅಗೆದಾಗಲೆಲ್ಲ ಮತ್ತೆ ಮೇಲೇಳುತ್ತದೆ, ಮತ್ತು ಅಗೆಯುವುದರಲ್ಲಿ ನಮ್ಮ ಊರಿಗೆ ಎಣೆಯುಂಟೆ? ನೀವು ಬಾಲ್ಯದಲ್ಲಿ ಆಡಿದ ಮಣ್ಣೇ ಬೇರೆ. ಇಂದು ತುಮಕೂರು ರಸ್ತೆಯಂಥ ಹೆದ್ದಾರಿಯ ಡಿವೈಡರ್ ಬುಡದಲ್ಲಿ ಕುಳಿತಿರುವ ದೂಳಿಗೆ ಟೈರು ಸವೆದು ಸತು, ಬ್ರೇಕ್ ಪ್ಯಾಡ್ ಸವೆದು ತಾಮ್ರ ಮತ್ತು ಆಂಟಿಮನಿ ಸೇರುತ್ತವೆ. ಎಲೆಕ್ಟ್ರೋಪ್ಲೇಟಿಂಗ್ (ವಿದ್ಯುತ್ತಿನಿಂದ ಲೋಹದ ಲೇಪ ಹಾಕುವ ಕೆಲಸ) ನಡೆಯುವ ಪೀಣ್ಯ ಕೈಗಾರಿಕಾ ಪ್ರದೇಶದಂಥ ಕಡೆ ಕ್ರೋಮಿಯಂ, ನಿಕ್ಕಲ್‌ಗಳಿಗೂ ದಾರಿಯುಂಟು. ವಿದ್ಯುತ್ ವಾಹನಕ್ಕೆ ಹೊಗೆಯಿಲ್ಲ, ಟೈರಂತೂ ಇದ್ದೇ ಇದೆ. ಮನೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರಲ್ಲಿ. ಅದಕ್ಕೂ ಹಿಂದಿನ ಗೇಟು, ಕಿಟಕಿಯ ಸರಳುಗಳಿಂದ ಉದುರುವ ಚಕ್ಕೆಗಳು ಎಲ್ಲಿಗೆ ಹೋದಾವು?

ನುಂಗಿದ ಸೀಸವನ್ನು ಚಿಕ್ಕ ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳಬಹುದೆಂದೂ, ರಕ್ತದಲ್ಲಿ ಇಷ್ಟಿದ್ದರೆ ಸುರಕ್ಷಿತ ಎನ್ನಬಹುದಾದ ಮಟ್ಟವೇ ತಿಳಿದಿಲ್ಲವೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂಬೆಗಾಲಿಡುವ ಮಗು ದೂಳನ್ನು ಉಸಿರಾಡುವುದಷ್ಟೇ ಅಲ್ಲ, ಬೆರಳು ಚೀಪಿ ತಿನ್ನುತ್ತದೆ. ಕಬ್ಬಿಣಾಂಶದ ಕೊರತೆಯಿದ್ದರೆ ಹೀರುವಿಕೆ ಇನ್ನೂ ಹೆಚ್ಚು. ಜ್ವರವಿಲ್ಲ, ಗುಳ್ಳೆಯಿಲ್ಲ, ಕಲಿಕೆ ಮಂದವಾಗುತ್ತದೆ, ಗಮನ ನಿಲ್ಲುವುದಿಲ್ಲ, ಮನೆಯವರು ಮಗುವನ್ನೇ ಬಯ್ಯುತ್ತಾರೆ. ಸೀಸದ ವಿಷಕ್ಕೆಂದೇ ರಾಷ್ಟ್ರೀಯ ರೆಫರಲ್ ಕೇಂದ್ರವೊಂದು ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಸ್ಥಾಪನೆಯಾದದ್ದು ಇದೇ ಬೆಂಗಳೂರಿನಲ್ಲಿ ಎಂಬುದು ಎಷ್ಟು ಜನರಿಗೆ ನೆನಪಿದೆಯೋ ಕಾಣೆ.

ನನ್ನ ಹಳೆಯ ಸಿಟ್ಟೊಂದನ್ನು ನೀವು ಕೆಣಕಿದ್ದೀರಿ. ನಾವು ಬೆಳಗಾದರೆ ಮೊಬೈಲಿನಲ್ಲಿ ಗಾಳಿಯ ಸೂಚ್ಯಂಕ ನೋಡಿ ನಿಟ್ಟುಸಿರು ಬಿಡುವವರು. ಗಾಳಿಯ ಗುಣಮಟ್ಟಕ್ಕೆಂದಿರುವ 2009ರ ರಾಷ್ಟ್ರೀಯ ಮಾನದಂಡದಲ್ಲಿ ಸೀಸ, ಆರ್ಸೆನಿಕ್, ನಿಕ್ಕಲ್‌ಗಳಿಗೆ ಮಿತಿಯಿದೆ, ಆದರೆ ಅದು ಗಾಳಿಯಲ್ಲಿ ತೇಲುವುದಕ್ಕೆ ಮಾತ್ರ. ನೆಲಕ್ಕೆ ಬಿದ್ದದ್ದು ಆ ಲೆಕ್ಕದಿಂದ ಹೊರಗೆ. ಆ ದೂಳನ್ನು ನಸುಕಿನಲ್ಲಿ ಒಣ ಪೊರಕೆಯಿಂದ ಗುಡಿಸುವ ಪೌರಕಾರ್ಮಿಕ ಹೆಂಗಸು ಸೆರಗನ್ನೇ ಮುಖಕ್ಕೆ ಸುತ್ತಿಕೊಂಡಿರುತ್ತಾಳೆ. ಆಕೆ ಮಾಡಿದ ಗುಡ್ಡೆಯನ್ನು ಸಮಯಕ್ಕೆ ಎತ್ತುವವರಿಲ್ಲದೆ ಮೊದಲ ಮಳೆಗೇ ಅದು ಮೋರಿ ಸೇರಿ, ವೃಷಭಾವತಿ ನದಿಯೊಡನೆ ಬೈರಮಂಗಲದ ಕೆರೆಯ ಕಡೆಗೆ ಹರಿಯುತ್ತದೆ. ಅಲ್ಲಿ ಆ ನೀರಿನಿಂದ ಬೆಳೆ ತೆಗೆಯುತ್ತಾರೆ. ಕೋಟಿಗಟ್ಟಲೆ ಸುರಿದು ರಸ್ತೆಗೆ ಕಾಂಕ್ರೀಟು ಹಾಕುವವರು ಅಂಚಿನ ಮೊಳದಗಲ ಮಣ್ಣನ್ನು ಹಾಗೆಯೇ ಬಿಟ್ಟು ಹೋಗುವುದನ್ನು ಯಾವ ಎಂಜಿನಿಯರಿಂಗ್ ಪಠ್ಯ ಕಲಿಸಿತೋ!

ನೀವು ಕೇಳಿದ ‘ಮಾಡಬೇಕಾದದ್ದೇನು’ ಎಂಬುದಕ್ಕೆ ಉತ್ತರ ಚಿಕ್ಕದು. ಚಪ್ಪಲಿ ಹೊಸ್ತಿಲಿನಾಚೆಗಿರಲಿ, ನೆಲವನ್ನು ಒಣದಾಗಿ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ಊಟಕ್ಕೆ ಮುನ್ನ ಮೊಮ್ಮಗುವಿನ ಕೈಯನ್ನು ಸೋಪಿನಿಂದ ತೊಳೆಸಿ. ಮನೆಯ ಹತ್ತಿರ ಸೀಸದ ಬ್ಯಾಟರಿ ಒಡೆಯುವ ಗುಜರಿಯಿದ್ದರೆ ಮಗುವಿನ ರಕ್ತದ ಸೀಸ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ವಾರ್ಡಿನ ಕಚೇರಿಗೆ ಒಂದು ಪತ್ರವನ್ನೂ ಬರೆಯಿರಿ, ನಮಗೆ ಬರೆದಷ್ಟೇ ಖಾರವಾಗಿ.